ಹಳೆಯ ಜಾವಾಕ್ಕೆ ಕಾಲೋಚಿತ ಗಾಲಿ: ಹುಡುಕಾಟ, ಬೆಲೆ ಮತ್ತು ಬಿಲ್ಲು

ಜೆಕೊಸ್ಲೊವಾಕಿಯಾದ ಜಾವಾ ಸಂಸ್ಥೆಯ ಪರವಾನಗಿಯಡಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961ರಲ್ಲಿ ಮೋಟಾರ್‌ಸೈಕಲ್‌ಗಳ ತಯಾರಿಕೆಯನ್ನು ಆರಂಭಿಸಿತು. 1973ರಿಂದ ಅದರ ಗಾಡಿಗಳು ಯೆಜ್ಡಿ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದವು. 1996ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು. ಆದರೆ ಅಲ್ಲಿಂದ ಹೊರಬಂದ ಗಾಡಿಗಳ ವ್ಯಾಪಾರ ಮುಚ್ಚಲಿಲ್ಲ. ಜುಲೈ ತಿಂಗಳ ಎರಡನೆಯ ಭಾನುವಾರ ಬೆಂಗಳೂರಿನಲ್ಲಿ ಜಾವಾ ದಿನದಂದು ಸೇರುವ ಗಾಡಿಗಳನ್ನು ಕಂಡವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಹಳೆಯ ಗಾಡಿಗಳ ಪುನರುಜ್ಜೀವನವು ಇಂದು ಬಿಡಿಭಾಗ ವ್ಯಾಪಾರಿಗಳು, ಲೇಪನ ಘಟಕಗಳು, ಗಾಲಿ ಕಟ್ಟುವ ಕುಶಲಿಗಳು ಹಾಗೂ ಆಮದುದಾರರನ್ನು ಒಳಗೊಂಡ ಒಂದು ಸಣ್ಣ, ಆದರೆ ಬೇಡಿಕೆ ಕುಗ್ಗದ ವಹಿವಾಟು. ಈ ವಹಿವಾಟಿನಲ್ಲಿ ಅತಿ ಹೆಚ್ಚು ತಕರಾರಿಗೆ ಎಡೆಮಾಡುವ ಭಾಗವೆಂದರೆ ಗಾಲಿ.

ಇದಕ್ಕೆ ಕಾರಣ ಸರಳ. ಎಂಜಿನ್ ಮತ್ತು ಚಾಸಿಗಳಿಗೆ ಸಂಖ್ಯೆ ಇದೆ, ನೋಂದಣಿ ಪುಸ್ತಕದಲ್ಲಿ ದಾಖಲೆ ಇದೆ. ಗಾಲಿಗೆ ಅಂತಹ ಯಾವ ದಾಖಲೆಯೂ ಇಲ್ಲ. ಐವತ್ತು ವರ್ಷಗಳಲ್ಲಿ ಅದು ಗುಂಡಿಗೆ ಬಿದ್ದು ಬಾಗಿರುತ್ತದೆ, ತುಕ್ಕು ಹಿಡಿದಿರುತ್ತದೆ, ಪಂಕ್ಚರ್ ಅಂಗಡಿಯ ಸುತ್ತಿಗೆಯ ಪೆಟ್ಟು ತಿಂದಿರುತ್ತದೆ, ಬದಲಾಗಿಯೂ ಇರುತ್ತದೆ. ಮೈಸೂರಿನ ಮೊದಲ ಜಾವಾ 250 ಗಾಡಿಯ ಹಿಂದು ಮುಂದಿನ ಗಾಲಿಗಳೆರಡೂ 16 ಅಂಗುಲದವು, ಟೈರು 3.25-16. ಅನಂತರ ಬಂದ ರೋಡ್‌ಕಿಂಗ್ ಗಾಡಿಯದು 18 ಅಂಗುಲದ ಗಾಲಿ. 16 ಅಂಗುಲದ ಟೈರು ಸುಲಭವಾಗಿ ಸಿಗದಾದಾಗ ಹಳೆಯ ಜಾವಾಗಳಿಗೆ 18 ಅಂಗುಲದ ಗಾಲಿ ತೊಡಿಸಿದವರುಂಟು. ಹಾಗೆ ಮಾಡಿದಾಗ ಗಾಲಿಯ ಸುತ್ತಳತೆ ಸುಮಾರು ಶೇ. 8ರಿಂದ 9ರಷ್ಟು ಹೆಚ್ಚುತ್ತದೆ. ಆಳವಾದ ಮಡ್‌ಗಾರ್ಡಿನೊಳಗಿನ ಜಾಗ ಕಿರಿದಾಗುತ್ತದೆ. ಗೇರಿನ ಎಳೆತ ಸಡಿಲಾಗುತ್ತದೆ. ಗಾಡಿಯ ಗಿಡ್ಡನೆಯ, ಗುಂಡಗಿನ ನಿಲುವೇ ಮಾಯವಾಗುತ್ತದೆ. ಬಣ್ಣಕ್ಕೂ ಕ್ರೋಮಿಗೂ ದುಬಾರಿ ವೆಚ್ಚ ಮಾಡಿದ ಗಾಡಿಯು ಈ ಒಂದು ದೋಷದಿಂದ ಬಲ್ಲವರ ಕಣ್ಣಿನಲ್ಲಿ ಬೆಲೆ ಕಳೆದುಕೊಳ್ಳುವುದನ್ನು ವಹಿವಾಟಿನಲ್ಲಿರುವವರು ಬಲ್ಲರು.

ಜಾವಾ ಹೆಸರು 2018ರಲ್ಲಿ ಮತ್ತೆ ಮಾರುಕಟ್ಟೆಗೆ ಬಂದದ್ದರಿಂದ ಈ ಕೊರತೆ ನೀಗಿತೆಂದು ಕೆಲವರು ಭಾವಿಸಿದ್ದಾರೆ. ಹೊಸ ಜಾವಾದ ಮುಂಗಾಲಿ 18 ಅಂಗುಲ, ಹಿಂಗಾಲಿ 17 ಅಂಗುಲ. ಹಳೆಯ ಗಾಡಿಗೆ ಅವು ಯಾವ ರೀತಿಯಲ್ಲೂ ಒದಗುವುದಿಲ್ಲ.

ಹುಡುಕಾಟಕ್ಕೆ ಹೊರಡುವ ಮೊದಲು ಅಳತೆ ಸರಿಯಾಗಿರಬೇಕು. ರಿಮ್ಮಿನ ಹೊರ ಅಂಚಿನಿಂದ ಅಂಚಿಗೆ ಟೇಪು ಹಿಡಿದು, 17 ಅಂಗುಲವೆಂದು ಬರೆದುಕೊಂಡು ಅಂಗಡಿಗೆ ಬರುವ ಗ್ರಾಹಕರು ಕಡಿಮೆಯಿಲ್ಲ. 16 ಅಂಗುಲ ಎಂಬುದು ಟೈರಿನ ಅಂಚು ಕೂರುವ ಜಾಗದ ವ್ಯಾಸವೇ ಹೊರತು ಹೊರ ಅಂಚಿನದಲ್ಲ. ಅಗಲಕ್ಕೆ ಡಬ್ಲ್ಯು.ಎಂ. ಎಂಬ ಹಳೆಯ ಬ್ರಿಟಿಷ್ ಸಂಕೇತವು ಇಂದಿಗೂ ಬಳಕೆಯಲ್ಲಿದೆ: ಡಬ್ಲ್ಯು.ಎಂ. 1 ಎಂದರೆ 1.60 ಅಂಗುಲ, ಡಬ್ಲ್ಯು.ಎಂ. 2 ಎಂದರೆ 1.85 ಅಂಗುಲ, ಡಬ್ಲ್ಯು.ಎಂ. 3 ಎಂದರೆ 2.15 ಅಂಗುಲ. ಇದು ಟೈರು ಕೂರುವ ಒಳ ಅಗಲ. ಹೊರಗಿನಿಂದ ಅಳೆದರೆ ಇಲ್ಲಿಯೂ ತಪ್ಪು ಲೆಕ್ಕವೇ ಬರುತ್ತದೆ.

ಅಳತೆ ಕೂಡಿಬಂದರೂ ಗಾಲಿ ಕೂಡಿಬಾರದೆ ಇರಬಹುದು. ಇದು ಹೊಸ ವ್ಯಾಪಾರಿಗಳು ಎಡವುವ ಜಾಗ. ಜಾವಾದ ರಿಮ್ಮಿಗೆ 36 ಕಡ್ಡಿ, ಬುಲೆಟ್‌ನ ರಿಮ್ಮಿಗೆ 40 ಕಡ್ಡಿ ಎಂಬ ವ್ಯತ್ಯಾಸವನ್ನು ಯಾರಾದರೂ ಎಣಿಸಿ ತಿಳಿಯಬಹುದು. ಆದರೆ 36 ತೂತುಗಳಿರುವ ರಿಮ್ಮುಗಳೆಲ್ಲವೂ ಒಂದೇ ಅಲ್ಲ. ಕಡ್ಡಿಯ ನಿಪ್ಪಲ್ ಕೂರುವ ತೂತನ್ನು ಕಾರ್ಖಾನೆಯಲ್ಲಿ ನೇರವಾಗಿ ಕೊರೆಯುವುದಿಲ್ಲ. ಕಡ್ಡಿಯು ಹಬ್ಬಿನತ್ತ ಸಾಗುವ ದಿಕ್ಕಿಗೆ ಓರೆಯಾಗಿ ಕೊರೆಯುತ್ತಾರೆ. ಜಾವಾದಂತಹ ಅಗಲವಾದ, ದೊಡ್ಡ ವ್ಯಾಸದ ಹಬ್ಬಿಗೆ ಒಂದು ಓರೆ, ಚಿಕ್ಕ ಹಬ್ಬಿಗೆ ಇನ್ನೊಂದು ಓರೆ. ತಪ್ಪು ಓರೆಯ ರಿಮ್ಮಿಗೆ ಕಡ್ಡಿ ಕಟ್ಟಿದರೆ ನಿಪ್ಪಲಿನ ಬಾಯಿಯಲ್ಲಿ ಕಡ್ಡಿ ಬಾಗಿ ನಿಲ್ಲುತ್ತದೆ. ಅಂಗಡಿಯ ಮುಂದೆ ತಿರುಗಿಸಿ ನೋಡಿದಾಗ ಗಾಲಿ ನೆಟ್ಟಗೇ ತೋರುತ್ತದೆ. ಬಾಗಿದ ಕಡ್ಡಿ ಕೆಲವು ತಿಂಗಳ ಓಟದ ಬಳಿಕ, ಭಾರ ಹೊತ್ತಾಗಲೋ ವೇಗದಲ್ಲಿದ್ದಾಗಲೋ ಮುರಿಯುತ್ತದೆ. ಒಂದು ಮುರಿದರೆ ಅದರ ಹೊರೆ ಪಕ್ಕದವುಗಳ ಮೇಲೆ ಬೀಳುತ್ತದೆ. ಇಲ್ಲಿ ಪಣಕ್ಕಿರುವುದು ಗಾಡಿಯ ಬೆಲೆಯಷ್ಟೇ ಅಲ್ಲ, ಸವಾರನ ಜೀವವೂ ಹೌದು.

ಸರಕು ದೊರೆಯುವ ಮೂಲಗಳು ಮುಖ್ಯವಾಗಿ ಮೂರು. ಒಂದು, ಬೆಂಗಳೂರಿನ ಶಿವಾಜಿನಗರ, ಚೆನ್ನೈನ ಪುದುಪೇಟೆ, ದೆಹಲಿಯ ಕರೋಲ್‌ಬಾಗ್ ಮುಂತಾದೆಡೆಯ ಹಳೆಯ ಬಿಡಿಭಾಗಗಳ ಪೇಟೆಗಳು. ಎರಡು, ಹಳೆಯ ಬಿಡಿಭಾಗ ಅಂಗಡಿಗಳ ಅಟ್ಟದಲ್ಲಿ ಕಾಗದ ಸುತ್ತಿಟ್ಟಂತೆಯೇ ಉಳಿದಿರುವ, ಬಳಕೆಯಾಗದ ದಾಸ್ತಾನು. ಮೂರು, ಹೊಸದಾಗಿ ತಯಾರಾದ ಪ್ರತಿರೂಪ. ಇದು ಇಲ್ಲಿಯೂ ದೊರೆಯುತ್ತದೆ, ಜೆಕ್ ಗಣರಾಜ್ಯದಿಂದಲೂ ಬರುತ್ತದೆ. ಗಾಡಿಯೊಡನೆ ಬಂದ ಮೂಲ ರಿಮ್ಮನ್ನೇ ಉಳಿಸಿಕೊಳ್ಳಲು ಸಾಧ್ಯವಾದರೆ ಅದಕ್ಕಿಂತ ಮಿಗಿಲಾದದ್ದಿಲ್ಲ. ಆದರೆ ಎಲ್ಲ ರಿಮ್ಮುಗಳೂ ಉಳಿಸಿಕೊಳ್ಳಲು ಯೋಗ್ಯವಲ್ಲ. ತುಕ್ಕು ಒಳಗಿನಿಂದ, ಟ್ಯೂಬಿನ ಕೆಳಗಿನ ಪಟ್ಟಿಯಡಿಯಲ್ಲಿ ಹುಟ್ಟುತ್ತದೆ. ಹೊರಮೈ ಹೊಳೆಯುತ್ತಿದ್ದರೂ ನಿಪ್ಪಲ್ ತೂತಿನ ಸುತ್ತ ಲೋಹ ಕಾಗದದಷ್ಟು ತೆಳುವಾಗಿರಬಹುದು. ಕ್ರೋಮ್ ಲೇಪನಕ್ಕೆ ಮುನ್ನ ತುಕ್ಕಿನ ಕುಳಿಗಳು ಮರೆಯಾಗುವವರೆಗೆ ರಿಮ್ಮನ್ನು ಉಜ್ಜುತ್ತಾರೆ. ಉಜ್ಜಿದಷ್ಟೂ ಲೋಹ ಕಳೆಯುತ್ತದೆ. ಆದ್ದರಿಂದ ಲೇಪನಕ್ಕೆ ಕೊಡುವ ಮೊದಲೇ ಪಟ್ಟಿ ಬಿಚ್ಚಿ ಒಳಮೈಯನ್ನು ಪರೀಕ್ಷಿಸಬೇಕು. ಲೇಪನವಾದ ಮೇಲೆ ದೋಷ ಕಾಣುವುದಿಲ್ಲ, ಕಾಣದ ದೋಷವೇ ಹೆಚ್ಚು ಅಪಾಯಕಾರಿ. ಕ್ರೋಮ್ ತ್ಯಾಜ್ಯ ವಿಷಕಾರಿಯಾದುದರಿಂದ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪಡೆದ ಘಟಕಕ್ಕೇ ಕೆಲಸ ಒಪ್ಪಿಸುವುದು ಒಳಿತು. ಅಂತಹ ಘಟಕದಿಂದ ದೊರೆಯುವ ಬಿಲ್ಲಿಗೂ ಬೆಲೆಯಿದೆ.

ಇನ್ನು ಲೆಕ್ಕದ ಮಾತು. ಆಮದು ಮಾಡಿದ ಪ್ರತಿರೂಪ ರಿಮ್ಮು ದುಬಾರಿ ಎಂಬ ಮಾತು ಸಾಮಾನ್ಯ. ಎಷ್ಟು ದುಬಾರಿ ಎಂಬುದನ್ನು ಲೆಕ್ಕ ಹಾಕಿ ನೋಡಬೇಕು. ಸಾಗಣೆ ಮತ್ತು ವಿಮೆ ಸೇರಿ ಒಂದು ಜೊತೆಯ ಮೌಲ್ಯ 20,000 ರೂಪಾಯಿ, ಮೂಲ ಸೀಮಾಸುಂಕ ಶೇ. 15 ಎಂದು ಉದಾಹರಣೆಗಾಗಿ ಇಟ್ಟುಕೊಳ್ಳೋಣ. ಸುಂಕ 3,000 ರೂಪಾಯಿ. ಅದರ ಮೇಲೆ ಶೇ. 10ರ ಸಮಾಜ ಕಲ್ಯಾಣ ಸರ್ಚಾರ್ಜು 300 ರೂಪಾಯಿ. ಒಟ್ಟು 23,300 ರೂಪಾಯಿಯ ಮೇಲೆ ಶೇ. 18ರ ಐ.ಜಿ.ಎಸ್.ಟಿ. 4,194 ರೂಪಾಯಿ. ಕೈಗೆ ಬರುವ ಹೊತ್ತಿಗೆ ಬೆಲೆ 27,494 ರೂಪಾಯಿ. ಮೋಟಾರ್‌ಸೈಕಲ್ ಬಿಡಿಭಾಗಗಳ ಮೇಲಿನ ಜಿ.ಎಸ್.ಟಿ. ಶೇ. 28 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ ಶೇ. 18ಕ್ಕೆ ಇಳಿದಿರುವುದರಿಂದ ಹಳೆಯ ಲೆಕ್ಕವನ್ನೇ ನೆಚ್ಚಿಕೊಂಡಿರುವವರು ಅದನ್ನು ತಿದ್ದಿಕೊಳ್ಳಬೇಕು. ನೋಂದಾಯಿತ ವ್ಯಾಪಾರಿಗೆ 4,194 ರೂಪಾಯಿ ಹೂಡುವಳಿ ತೆರಿಗೆ ಜಮೆಯಾಗಿ ಹಿಂದಿರುಗುತ್ತದೆ. ಗಾಡಿಯ ಒಡೆಯನಿಗೆ ಅದು ಪೂರ್ತಿ ವೆಚ್ಚ. ಹತ್ತು ಜನ ಪುನರುಜ್ಜೀವಕರ ಬೇಡಿಕೆಯನ್ನು ಒಟ್ಟುಗೂಡಿಸಿ ಒಂದೇ ಸರಕಾಗಿ ತರಿಸುವ ವ್ಯಾಪಾರಿಗೆ ಸಾಗಣೆಯ ಪಾಲಿನಲ್ಲಿಯೂ ಉಳಿತಾಯವಿದೆ.

ಹಳೆಯ ರಿಮ್ಮುಗಳನ್ನು ಮನೆಮಂದಿಯಿಂದ ಕೊಂಡು ಮಾರುವ ವ್ಯಾಪಾರಿಗೆ ಬೇರೆ ಅನುಕೂಲವಿದೆ. ಬಳಸಿದ ಸರಕುಗಳ ವ್ಯಾಪಾರಿಯು ಖರೀದಿಯ ಮೇಲೆ ತೆರಿಗೆ ಜಮೆ ಪಡೆಯದಿದ್ದಲ್ಲಿ, ಸಿ.ಜಿ.ಎಸ್.ಟಿ. ನಿಯಮ 32(5)ರ ಪ್ರಕಾರ ಮಾರಾಟ ಬೆಲೆಗೂ ಖರೀದಿ ಬೆಲೆಗೂ ಇರುವ ಅಂತರದ ಮೇಲಷ್ಟೇ ತೆರಿಗೆ ಕಟ್ಟಿದರೆ ಸಾಕು. 3,000ಕ್ಕೆ ಕೊಂಡದ್ದನ್ನು 5,000ಕ್ಕೆ ಮಾರಿದರೆ ತೆರಿಗೆ ಬೀಳುವುದು 2,000 ರೂಪಾಯಿಯ ಮೇಲೆ. ಆದರೆ ಸರಕು ಇದ್ದಂತೆಯೇ ಇರಬೇಕು, ಇಲ್ಲವೆ ಅದರ ಸ್ವರೂಪ ಬದಲಾಗದಷ್ಟು ಅಲ್ಪ ಸಂಸ್ಕರಣೆ ಮಾತ್ರ ಆಗಿರಬೇಕು. ತೊಳೆದು ಬಳಿದ ರಿಮ್ಮಿನ ಬಗ್ಗೆ ವಿವಾದ ಏಳುವ ಸಂಭವ ಕಡಿಮೆ. ನೇರಗೊಳಿಸಿ, ಉಜ್ಜಿ, ಮೂರು ಪದರ ಲೇಪನ ಮಾಡಿ, ಹೊಸ ಕಡ್ಡಿ ಕಟ್ಟಿ ಸಿದ್ಧಪಡಿಸಿದ ಗಾಲಿಯ ಬಗ್ಗೆ ಅಧಿಕಾರಿ ಪ್ರಶ್ನೆ ಎತ್ತಿದರೆ ಉತ್ತರ ಸುಲಭವಲ್ಲ. ಯಾವ ಹಂತದಲ್ಲಿ ಮಾರಬೇಕೆಂಬುದನ್ನು ಮೊದಲೇ ನಿಶ್ಚಯಿಸುವುದು ಜಾಣತನ. ಖರೀದಿಗೆ ಮಾರಿದವರ ಸಹಿಯುಳ್ಳ ಚೀಟಿಯಾದರೂ ಇರಲೇಬೇಕು. ಖರೀದಿ ಬೆಲೆಗೆ ಆಧಾರವಿಲ್ಲದೆ ಅಂತರವನ್ನು ಸಾಧಿಸಲು ಬರುವುದಿಲ್ಲ. ಅಟ್ಟದ ಮೇಲಿನ ಹಳೆಯ ದಾಸ್ತಾನಿನ ಬೆಲೆ ಏರಿದೆಯೆಂದು ಅದನ್ನು ಏರಿದ ಬೆಲೆಗೆ ಪುಸ್ತಕದಲ್ಲಿ ತೋರಿಸುವಂತಿಲ್ಲ. ಕೊಂಡ ಬೆಲೆ ಹಾಗೂ ಮಾರಿದರೆ ಕೈಗೆ ಬರಬಹುದಾದ ನಿವ್ವಳ ಬೆಲೆ, ಇವೆರಡರಲ್ಲಿ ಕಡಿಮೆಯಾದುದೇ ದಾಸ್ತಾನಿನ ಮೌಲ್ಯ.

ಈ ವಹಿವಾಟಿನ ದೊಡ್ಡ ರೋಗವೆಂದರೆ 'ಒರಿಜಿನಲ್' ಎಂಬ ಮಾತು. ಹೊಸ ಪ್ರತಿರೂಪವೂ ಒರಿಜಿನಲ್, ಬೇರೆ ಗಾಡಿಯ ಹಳೆಯ ರಿಮ್ಮೂ ಒರಿಜಿನಲ್. 1930ರ ಸರಕು ಮಾರಾಟ ಕಾಯ್ದೆಯ 15ನೆಯ ಪ್ರಕರಣದಂತೆ, ವಿವರಣೆಯ ಆಧಾರದ ಮೇಲೆ ಮಾರಿದ ಸರಕು ಆ ವಿವರಣೆಗೆ ಹೊಂದಿಕೊಳ್ಳಬೇಕೆಂಬ ಷರತ್ತು ಪ್ರತಿ ಮಾರಾಟದಲ್ಲೂ ಅಡಗಿರುತ್ತದೆ. ಬಿಲ್ಲಿನಲ್ಲಿ ಅಳತೆ, ತೂತುಗಳ ಸಂಖ್ಯೆ, ಯಾವ ಮಾದರಿಗೆ, ಮತ್ತು 'ಮೂಲ ಹಳೆಯದು', 'ಬಳಸದ ಹಳೆಯ ದಾಸ್ತಾನು', 'ಹೊಸ ಪ್ರತಿರೂಪ' ಇವುಗಳಲ್ಲಿ ಯಾವುದೆಂದು ಬರೆಯಲು ಒಂದು ಸಾಲು ಸಾಕು. ಆ ಒಂದು ಸಾಲು ಕೊಂಡವನನ್ನೂ ಮಾರಿದವನನ್ನೂ ಕಾಪಾಡುತ್ತದೆ. ಪ್ರತಿರೂಪವೆಂದು ಹೇಳಿಯೇ ಮಾರಿದ ಉತ್ತಮ ರಿಮ್ಮು ನಾಚಿಕೆಯ ಸರಕಲ್ಲ. ತೆಳುವಾದ ಮೂಲ ರಿಮ್ಮಿಗಿಂತ ಓಡಿಸುವ ಗಾಡಿಗೆ ಅದೇ ಮೇಲು.

ದಾಖಲೆಗೆ ಇನ್ನೊಂದು ಕಾರಣವೂ ಇದೆ. 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯಂತೆ, 50 ವರ್ಷ ಮೀರಿದ, ಮೂಲ ಸ್ವರೂಪದಲ್ಲಿರುವ ದ್ವಿಚಕ್ರ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಜಾವಾ ಹೆಸರು ಹೊತ್ತ ಮೈಸೂರಿನ ಮೊದಲ ಗಾಡಿಗಳು ಈಗ ಈ ವಯಸ್ಸನ್ನು ದಾಟಿವೆ. ನಿಯಮವು ಚಾಸಿ, ದೇಹ, ಎಂಜಿನ್‌ಗಳ ಮಾರ್ಪಾಡನ್ನು ಹೆಸರಿಸುತ್ತದೆ, ಗಾಲಿಯನ್ನು ಹೆಸರಿಸುವುದಿಲ್ಲ. ಹಾಗೆಂದು 18 ಅಂಗುಲದ ಗಾಲಿಯ ಜಾವಾವನ್ನು 'ಮೂಲ ಸ್ವರೂಪ' ಎಂದು ಸಮರ್ಥಿಸಿಕೊಳ್ಳುವ ಸಂದರ್ಭವನ್ನು ಯಾರೂ ತಂದುಕೊಳ್ಳಬಾರದು.

ಕೊನೆಯದಾಗಿ ಗಾಲಿ ಕಟ್ಟುವವರ ವಿಷಯ. ಅಲಾಯ್ ಗಾಲಿಗಳು ಬಂದ ಮೇಲೆ ಈ ಕಸುಬಿನ ಕೈಗಳು ವಿರಳವಾಗಿವೆ; ಇದ್ದವರಿಗೆ ನ್ಯಾಯವಾದ ಕೂಲಿ ಕೊಡುವುದು ವೆಚ್ಚವಲ್ಲ. ಹಳೆಯ ಗಾಲಿ ಬಿಚ್ಚುವ ಮುನ್ನ ಹಬ್ಬಿನ ಅಂಚಿನಿಂದ ರಿಮ್ಮಿನ ಅಂಚಿನವರೆಗಿನ ದೂರವನ್ನು ಎರಡೂ ಬದಿಯಲ್ಲಿ ಅಳೆದು ಬರೆದುಕೊಡಬೇಕು, ಕಡ್ಡಿಗಳು ಒಂದನ್ನೊಂದು ದಾಟುವ ಬಗೆಯ ಛಾಯಾಚಿತ್ರ ತೆಗೆದಿಡಬೇಕು. ಹಳೆಯ ಕಡ್ಡಿಗಳನ್ನು ಮರಳಿ ಬಳಸುವುದು ಸಲ್ಲದು. ಕರಾವಳಿಯಲ್ಲಿ ಓಡುವ ಗಾಡಿಗೆ ಸ್ಟೇನ್‌ಲೆಸ್ ಕಡ್ಡಿ ಕಾಲೋಚಿತವಲ್ಲದಿದ್ದರೂ ಕ್ಷಮಾರ್ಹ. ಬಿಲ್ಲಿನಲ್ಲಿ ಹಾಗೆಂದು ನಮೂದಿಸಿದರಾಯಿತು. ಹೊಸದಾಗಿ ಕಟ್ಟಿದ ಗಾಲಿಯ ಕಡ್ಡಿಗಳು ಮೊದಲ ನೂರಿನ್ನೂರು ಕಿಲೋಮೀಟರಿನಲ್ಲಿ ಕೂತು ಸಡಿಲವಾಗುತ್ತವೆ. ಆಗ ಅದೇ ಕುಶಲಿಯ ಬಳಿಗೆ ಒಯ್ದು ಮತ್ತೊಮ್ಮೆ ಬಿಗಿ ಮಾಡಿಸಿ ಬೆಂಡ್ ತೆಗೆಸಬೇಕು. ಈ ಎರಡನೆಯ ಭೇಟಿಯ ಕೂಲಿಯನ್ನೂ ಮೊದಲ ಬಿಲ್ಲಿನಲ್ಲಿಯೇ ಸೇರಿಸಿ ಒಪ್ಪಂದ ಮಾಡಿಕೊಳ್ಳುವುದು ವಾಡಿಕೆಯಾಗಬೇಕು.