ನಾಯಿಗೆ ಕಲಿಸಿದವರು ಕಲಿತದ್ದು

ಸೆರೆಯಲ್ಲಿರುವವರನ್ನು ಸಂದರ್ಶಿಸುವುದು ಕರುಣಾಕಾರ್ಯಗಳಲ್ಲೊಂದೆಂದು ನಾವು ಬಾಲ್ಯದಿಂದಲೇ ಕಲಿತಿದ್ದೇವೆ. ಆದರೆ ಅಪರಾಧಿಯಿಂದಲೂ ಪರರಿಗೆ ಒಳಿತಾದೀತೆಂದು ನಂಬುವುದು ನಮಗೆ ಕಷ್ಟ.

1981ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಮಹಿಳಾ ಕಾರಾಗೃಹವೊಂದರಲ್ಲಿ ಆ ನಂಬಿಕೆ ಕಾರ್ಯರೂಪಕ್ಕೆ ಬಂತು. ಮುಂದೆ ದೊಮಿನಿಕನ್ ಭಗಿನಿ ಪೌಲಿನ್ ಕ್ವಿನ್ ಎಂದು ಹೆಸರಾದವರ ಪ್ರೇರಣೆಯಿಂದ, ಅಲ್ಲಿನ ಕೈದಿಗಳು ದಿಕ್ಕಿಲ್ಲದ ನಾಯಿಗಳನ್ನು ಅಂಗವಿಕಲರ ನೆರವಿಗಾಗಿ ಪಳಗಿಸತೊಡಗಿದರು. ಎಳವೆಯಲ್ಲಿ ಮನೆ ತೊರೆದು ನೊಂದಿದ್ದ ಭಗಿನಿಗೆ ಆತ್ಮಗೌರವ ಮರಳಿದ್ದೂ ಒಂದು ಜರ್ಮನ್ ಶೆಫರ್ಡ್ ನಾಯಿಯ ಒಡನಾಟದಿಂದಲೇ.

ನಾಯಿ ಗದರಿಕೆಗೆ ಬೆದರೀತು, ಒಲಿಯುವುದು ತಾಳ್ಮೆಗೆ. ಅದಕ್ಕೆ ಕಲಿಸುವವರು ಮೊದಲು ತಮ್ಮ ಕೋಪವನ್ನು ಆಳಬೇಕು. ಕಡೆಗೆ, ಪ್ರೀತಿಯಿಂದ ಸಾಕಿದ್ದನ್ನು ಪರರಿಗೆ ಒಪ್ಪಿಸಬೇಕು. ಕೊಡಲು ಕಲಿತವರು ಹಿಂದಿನವರಾಗಿ ಉಳಿಯುವುದಿಲ್ಲ.

ಶಿಕ್ಷೆ ಮುಗಿಸಿ ನಮ್ಮ ಧರ್ಮಕೇಂದ್ರಕ್ಕೆ ಮರಳುವವರನ್ನು ನಂಬಿ, ನಾವು ಯಾವ ಹೊಣೆಯನ್ನು ಒಪ್ಪಿಸುತ್ತೇವೆ?