ಗೀತ್‌ಮಾಲಾ: ಮರುಶ್ರವಣದ ಪಾಠ

ಸಚಿವ ಬಿ.ವಿ. ಕೇಸ್ಕರರ ಕಾಲದಲ್ಲಿ ಆಕಾಶವಾಣಿಯು ಚಿತ್ರಗೀತೆಗಳನ್ನು ದೂರವಿರಿಸಿದಾಗ ಕೇಳುಗರು ರೇಡಿಯೋ ಸಿಲೋನಿನತ್ತ ಹೊರಳಿದರು. ೧೯೫೨ರ ಡಿಸೆಂಬರಿನಲ್ಲಿ ಅಲ್ಲಿ ಆರಂಭವಾದ ‘ಬಿನಾಕಾ ಗೀತ್‌ಮಾಲಾ’ದ ಧ್ವನಿಮುದ್ರಣ ನಡೆಯುತ್ತಿದ್ದುದು ಮಾತ್ರ ಮುಂಬಯಿಯಲ್ಲಿ; ಸುರುಳಿಗಳು ಕೊಲಂಬೊಗೆ ಹೋಗುತ್ತಿದ್ದವು. ಬುಧವಾರ ರಾತ್ರಿ ಅಮೀನ್ ಸಯಾನಿಯವರು ಹಾಡುಗಳನ್ನು ಕೆಳಗಿನ ‘ಪಾಯದಾನ್’ನಿಂದ, ಎಂದರೆ ಮೆಟ್ಟಿಲಿನಿಂದ, ಮೇಲೇರಿಸುತ್ತಿದ್ದರು. ಧ್ವನಿಮುದ್ರಿಕೆಗಳ ಮಾರಾಟ, ಶ್ರೋತೃಸಂಘಗಳ ಪತ್ರಗಳು ಈ ಶ್ರೇಣಿಗೆ ಆಧಾರವಾಗಿದ್ದವು.

೨೦೧೭ರಲ್ಲಿ ಬಂದ ‘ಕಾರವಾನ್’ ಪೆಟ್ಟಿಗೆಯಲ್ಲಿ ಗೀತ್‌ಮಾಲಾ ಮತ್ತೆ ಕೇಳಸಿಗುತ್ತದೆ. ಹಿರಿಯ ಅಭಿಮಾನಿಗಳ ಹರ್ಷ ಸಹಜವೇ. ಆದರೆ ಅದು ಅಂದಿನ ವಾರದ ಪ್ರಸಾರದ ಯಥಾಪ್ರತಿಯಲ್ಲ. ವರ್ಷವರ್ಷದ ಜನಪ್ರಿಯ ಗೀತೆಗಳನ್ನು ಆಯ್ದು ಸಯಾನಿಯವರೇ ಹಿನ್ನೋಟದಿಂದ ನಿರೂಪಿಸಿದ ಸಂಗ್ರಹ. ಹಸ್ತಪ್ರತಿಗಳೊಡನೆ ಬಾಳಿದವರ ಮಾತಿನಲ್ಲಿ ಹೇಳುವುದಾದರೆ, ಕರ್ತೃವೇ ಸಿದ್ಧಪಡಿಸಿದ ಉತ್ತರಕಾಲೀನ ಪಾಠ. ಮುಂದಿನ ವಾರ ಯಾವ ಹಾಡು ಇಳಿಯುವುದೆಂಬುದು ಅಂದು ನಿರೂಪಕರಿಗೂ ತಿಳಿದಿರಲಿಲ್ಲ. ಸಂಗ್ರಹದಲ್ಲಿ ಎಲ್ಲವೂ ಮೊದಲೇ ತಿಳಿದಿದೆ. ಆ ಕುತೂಹಲವೇ ಅಲ್ಲವೆ ಅಂದಿನ ರಸ?

ಸಯಾನಿಯವರು ೨೦೨೪ರ ಫೆಬ್ರವರಿಯಲ್ಲಿ ನಿಧನರಾದರು. ಅವರಿಂದ ಇನ್ನೊಂದು ಪಾಠ ಬಾರದು. ಮುಂಬಯಿ, ಹೈದರಾಬಾದುಗಳ ನಮ್ಮ ಮನೆಗಳಲ್ಲಿ ಯಾರಾದರೂ ಆ ಪ್ರಸಾರವನ್ನು ಟೇಪಿನಲ್ಲಿ ಹಿಡಿದಿಟ್ಟಿದ್ದರೆ, ಕ್ಯಾಸೆಟ್ಟು ಕೆಡುವ ಮುನ್ನ ಅದರ ಪ್ರತಿ ಮಾಡಿಸಿ, ನೆನಪಿದ್ದಷ್ಟು ದಿನಾಂಕವನ್ನು ಮೇಲೆ ಬರೆದಿಡಬೇಕು.