ಗಣಕಯಂತ್ರದ ಮಂದಗತಿ

ಎತ್ತು ಕುಂಟಿದರೆ ಒಕ್ಕಲಿಗನು ಮೊದಲು ಅದರ ಗೊರಸನ್ನು ನೋಡುತ್ತಾನೆಯೇ ಹೊರತು ಒಡನೆಯೇ ಸಂತೆಗೆ ಹೊಡೆದುಕೊಂಡು ಹೋಗುವುದಿಲ್ಲ. ನಿನ್ನೆಯವರೆಗೆ ಚುರುಕಾಗಿದ್ದ ಕಂಪ್ಯೂಟರು ಇಂದು ನಿಧಾನವಾದರೆ ಮಾತ್ರ ನಮ್ಮಲ್ಲನೇಕರು “ಹಳೆಯದಾಯಿತು, ಹೊಸದು ಕೊಳ್ಳಬೇಕು” ಎಂದುಬಿಡುತ್ತಾರೆ. ಯಂತ್ರಕ್ಕೆ ಒಂದೇ ರಾತ್ರಿಯಲ್ಲಿ ಮುಪ್ಪು ಬರುವುದಿಲ್ಲ. ಅದು ಹಠಾತ್ತನೆ ನಿಧಾನವಾಯಿತೆಂದರೆ ಒಳಗೆ ಏನೋ ಬದಲಾಗಿದೆಯೆಂದೇ ಅರ್ಥ. ನಾನು ಇತಿಹಾಸದ ವಿದ್ಯಾರ್ಥಿ, ವಿಜ್ಞಾನದವನಲ್ಲ. ಆದರೆ ಕಾರ್ಯದಿಂದ ಕಾರಣಕ್ಕೆ ಹೋಗುವುದು ಇತಿಹಾಸದ ಕೆಲಸವೂ ಹೌದಷ್ಟೆ. ಆ ಧೈರ್ಯದಿಂದ ಈ ವಿಷಯವನ್ನು ವಾಚಕರ ಮುಂದಿಡುತ್ತಿದ್ದೇನೆ.

ಮದುವೆಮನೆಯ ಅಡಿಗೆಯನ್ನು ನೆನೆಸಿಕೊಳ್ಳಿ. ಅಡಿಗೆಯವನೇ ಪ್ರೊಸೆಸರ್, ಅವನ ಕೈಗೆಟಕುವ ಕಟ್ಟೆಯೇ ಮೆಮೊರಿ, ದೂರದ ಉಗ್ರಾಣವೇ ಡಿಸ್ಕು. ಕಟ್ಟೆ ತುಂಬಿಹೋದರೆ ಪ್ರತಿಯೊಂದು ಸಾಮಾನಿಗೂ ಉಗ್ರಾಣಕ್ಕೆ ಓಡಬೇಕಾಗುತ್ತದೆ. ನಿಮಿಷಕ್ಕೆ 5,400 ಸುತ್ತು ತಿರುಗುವ ಹಾರ್ಡ್ ಡಿಸ್ಕು ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡು ತೆಗೆದುಕೊಳ್ಳುತ್ತದೆ. ಮೆಮೊರಿಯಾದರೋ ಅದಕ್ಕಿಂತ ಹತ್ತಾರು ಸಾವಿರ ಪಟ್ಟು ಬೇಗ ಉತ್ತರ ಕೊಡುತ್ತದೆ. ಈ ಓಡಾಟದಲ್ಲೇ ಯಂತ್ರದ ಹೊತ್ತೆಲ್ಲ ಕಳೆದುಹೋಗುವುದನ್ನು ಪೀಟರ್ ಡೆನ್ನಿಂಗ್ ಎಂಬ ವಿದ್ವಾಂಸರು 1968ರಷ್ಟು ಹಿಂದೆಯೇ ವಿವರಿಸಿದ್ದಾರೆ.

ಹಾಗಾದರೆ ಪರೀಕ್ಷಿಸುವ ಬಗೆ ಹೇಗೆ? ವಿಂಡೋಸ್ ಇರುವ ಯಂತ್ರದಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪ್ರೊಸೆಸರ್, ಮೆಮೊರಿ, ಡಿಸ್ಕು ಇವುಗಳ ಮೇಲಿನ ಹೊರೆ ಶೇಕಡಾ ಲೆಕ್ಕದಲ್ಲಿ ಕಾಣುತ್ತದೆ. ಯಾವುದು ನೂರರ ಸಮೀಪದಲ್ಲಿದೆಯೋ ಅಲ್ಲಿಂದ ವಿಚಾರಣೆ ಆರಂಭವಾಗಬೇಕು.

ಮೆಮೊರಿ ತುಂಬಿದ್ದರೆ ಬ್ರೌಸರಿನಲ್ಲಿ ತೆರೆದಿಟ್ಟ ಪುಟಗಳನ್ನು ಮುಚ್ಚಬೇಕು. ಯಂತ್ರದೊಡನೆಯೇ ತಾವಾಗಿ ಏಳುವ ತಂತ್ರಾಂಶಗಳಲ್ಲಿ ಬೇಡದವನ್ನು ಅಲ್ಲಿಯೇ ನಿಲ್ಲಿಸಬಹುದು. ಪ್ರೊಸೆಸರ್ ದಣಿಯುತ್ತಿದ್ದರೆ ಯಾವ ತಂತ್ರಾಂಶ ಅದನ್ನು ದುಡಿಸುತ್ತಿದೆಯೆಂದು ನೋಡಬೇಕು. ಅದು ವಿಂಡೋಸಿನ ಅಪ್‌ಡೇಟ್ ಆಗಿದ್ದರೆ ಗಂಟೆಯೊಂದು ತಾಳುವುದೇ ಮದ್ದು. ಗುರುತಿಲ್ಲದ ಹೆಸರಾಗಿದ್ದರೆ ವೈರಸ್ ತಪಾಸಣೆ ಅಗತ್ಯ. ಮೂರೂ ಸುಮ್ಮನಿದ್ದು ಯಂತ್ರ ಮಾತ್ರ ತೆವಳುತ್ತಿದ್ದರೆ ಕೈಯಿಟ್ಟು ಬಿಸಿಯನ್ನು ನೋಡಿ. ಫ್ಯಾನಿಗೆ ಧೂಳು ಕಟ್ಟಿದಾಗ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಸರಿಹೊಂದದ ಚಾರ್ಜರಿನಿಂದಲೂ ಕೆಲವು ಲ್ಯಾಪ್‌ಟಾಪುಗಳಲ್ಲಿ ಹೀಗಾಗುವುದುಂಟು.

ಎಲ್ಲಕ್ಕಿಂತ ಎಚ್ಚರ ಬೇಕಾದುದು ಡಿಸ್ಕಿನ ವಿಷಯದಲ್ಲಿ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಅಣ್ಣ ಗಾರೆ ಕೆಲಸದಲ್ಲಿ ಉಳಿಸಿದ ಹಣದಿಂದ ನನಗೊಂದು ಹಳೆಯ ಲ್ಯಾಪ್‌ಟಾಪ್ ಕೊಡಿಸಿದ್ದಾನೆ. ಕಳೆದ ಸೆಮಿಸ್ಟರಿನಲ್ಲಿ ಅದು ಒಮ್ಮೆಲೇ ನಿಧಾನವಾಯಿತು. ಮೆಮೊರಿಯಲ್ಲಿ ಜಾಗವಿತ್ತು, ಪ್ರೊಸೆಸರ್ ಸುಮ್ಮನಿತ್ತು, ಡಿಸ್ಕು ಮಾತ್ರ ನೂರರಲ್ಲಿ ನಿಂತಿತ್ತು. ಕಿವಿಗೊಟ್ಟರೆ ಒಳಗಿನಿಂದ ಟಿಕ್ ಟಿಕ್ ಸದ್ದು. ಅಂಗಡಿಯೊಂದರಲ್ಲಿ “ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ” ಎಂದರು. ಫಾರ್ಮ್ಯಾಟ್ ಎಂದರೆ ಇರುವುದನ್ನೆಲ್ಲ ಒರಸುವುದು! ನನ್ನ ಅಂಕಪಟ್ಟಿ, ಆದಾಯ ಪ್ರಮಾಣಪತ್ರಗಳ ಪ್ರತಿಗಳೂ ಬರೆದು ಮುಗಿಸಿದ್ದ ಪ್ರಬಂಧವೂ ಅದರಲ್ಲಿದ್ದವು. ಆದುದರಿಂದ ಮೊದಲು ರಾತ್ರಿಯೆಲ್ಲ ಕುಳಿತು ಅವನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡೆ. ವಾರದೊಳಗೆ ಆ ಡಿಸ್ಕು ತೆರೆಯದೇ ಹೋಯಿತು. ಅದರ ಜಾಗದಲ್ಲಿ ಎಸ್‌ಎಸ್‌ಡಿ ಹಾಕಿಸಿದ ಮೇಲೆ ಅದೇ ಹಳೆಯ ಯಂತ್ರ ಮತ್ತೆ ಚುರುಕಾಯಿತು. ತಗುಲಿದ ವೆಚ್ಚ ಹೊಸ ಯಂತ್ರದ ಬೆಲೆಯಲ್ಲಿ ಒಂದು ಸಣ್ಣ ಪಾಲು.

ಸದ್ದು ಮಾಡುವ ಡಿಸ್ಕು ಸಾಯುವ ಮುನ್ಸೂಚನೆ ಕೊಡುತ್ತಿರುತ್ತದೆ. ಅಂಥ ಸಮಯದಲ್ಲಿ ಮೊದಲು ಕಡತಗಳ ರಕ್ಷಣೆ, ಆಮೇಲೆ ಯಂತ್ರದ ಚಿಕಿತ್ಸೆ. ಈ ಕ್ರಮ ತಪ್ಪಬಾರದು. ಹಣವಿದ್ದವರು ಹೊಸದನ್ನು ಕೊಳ್ಳಬಹುದು. ಆದರೆ ನಮ್ಮ ಕಾಲೇಜಿನಲ್ಲಿ ಓದುತ್ತಿರುವ ಬಹುಮಂದಿ ನನ್ನಂಥವರೇ ಆಗಿರುವುದರಿಂದ, ಯಂತ್ರವನ್ನು ಅಂಗಡಿಗೆ ಒಯ್ಯುವ ಮುನ್ನ ಆ ಮೂರು ಕೀಲಿಗಳನ್ನೊಮ್ಮೆ ಒತ್ತಿನೋಡಬೇಕೆಂದು ಸಹಪಾಠಿಗಳಲ್ಲಿ ನನ್ನ ವಿನಂತಿ.